ಅಣಬೆಯ ಜಾತಕ

ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ನಮ್ಮ ಭಾವನ ಅಡುಗೆಮನೆಯಲ್ಲಿ ಆಷಾಢದ ಒಂದು ಗುರುವಾರ ಪಂಚಾಯ್ತಿ ಸೇರಿತ್ತು. ಆರೋಪಿ, ಒಣಗಿದ ಕಪ್ಪು ಅಣಬೆಯ ಪ್ಯಾಕೆಟ್ಟು. ಚೈನೀಸ್ ಸೂಪಿಗೆ ಹಾಕ್ತಾರಲ್ಲ, ಕಿವಿಯ ಹಾಗಿರುತ್ತದಲ್ಲ, ಅದು. ಅಪರಾಧ, ತಾರೀಕು ಮುಗಿದು ಮೂರು ದಿನ.

"ಸೋಮವಾರ ರಾತ್ರಿ ತನಕ ಅಮೃತ, ಮಂಗಳವಾರ ಬೆಳಿಗ್ಗೆ ವಿಷವಾ ಭಾವ?" ಅಂದೆ.

"ಸುಮ್ನಿರೋ ಮಾರಾಯ. ಗೆಸ್ಟ್ ನೋಡಿದ್ರೆ ಒಂದೇ ಸ್ಟಾರ್ ಕೊಡೋದು."

ಇಂಥದೇ ಅಣಬೆ ಅವರ ತೋಟದಲ್ಲಿ ಬಿದ್ದ ಮರದ ಮೇಲೆ ಮಳೆಗಾಲದಲ್ಲಿ ಪುಕ್ಕಟೆ ಕಿವಿ ಬಿಡುತ್ತದೆ. ಅದಕ್ಕೆ ತಾರೀಕಿಲ್ಲ, ಹಾಗಾಗಿ ಯಾರೂ ನಂಬುವುದಿಲ್ಲ. (ಗುರುತು ಸಿಗದ್ದನ್ನು ಮುಟ್ಟದಿರುವುದು ಒಳ್ಳೆಯದೇ ಬಿಡಿ.)

ಒಣಗಿದ ಅಣಬೆಯಲ್ಲಿ ನೀರಿರುವುದು ತೀರಾ ಕಡಿಮೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಸಂಸಾರ ಹೂಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಗರಿಗರಿಯಾಗಿದ್ದರೆ ತಾರೀಕು ದಾಟಿದ ಮೇಲೆ ರುಚಿ, ಘಮ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಆದರೆ ನಮ್ಮ ಮಳೆಯಲ್ಲಿ ಬಾಯಿ ಬಿಚ್ಚಿಟ್ಟರೆ? ತಾರೀಕು ಎರಡು ವರ್ಷ ಬಾಕಿ ಇದ್ದರೂ ಬೂಷ್ಟು. ಇಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ತಾರೀಕು ಒತ್ತಿದ ಪುಣ್ಯಾತ್ಮ ಆಷಾಢದಲ್ಲಿ ಮೂಡಿಗೆರೆಗೆ ಬಂದವನಲ್ಲ.

2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿತಿಂಡಿಗೂ ತಾರೀಕಿನ ಚೀಟಿ ಕಡ್ಡಾಯವಾಯಿತು. ನಾನು ಹೋಗುವ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಹೊಸ ಚೀಟಿ ಬರುತ್ತದೆ. ಮೈಸೂರುಪಾಕು ಮಾತ್ರ ಹಳೇದೇ.

ಇರಲಿ, ಪಂಚಾಯ್ತಿ ತೀರ್ಪು ಕೊಟ್ಟಿತು. ಪ್ಯಾಕೆಟ್ಟು ತಿಪ್ಪೆಗೆ ಹೋಯಿತು. ಭಾವನ ಮುಖದಲ್ಲಿ ಗಂಗಾಸ್ನಾನ ಮಾಡಿದವರ ಕಳೆ.

ಆಗ ಕಂಡಿತು, ಕಟ್ಟೆಯ ಮೇಲಿನ ಬೋಗುಣಿ. ಮಳೆಗೆ ಹೆದರಿ ಬಾರದೇ ಹೋದ ಗೆಸ್ಟುಗಳಿಗೆಂದು ಭಾನುವಾರ ಬೇರೆ ಪ್ಯಾಕೆಟ್ಟಿನಿಂದ ನೆನೆಹಾಕಿದ ಅಣಬೆ. ಫ್ರಿಜ್ಜಿನ ಹೊರಗೇ ಇತ್ತು. ನೀರು ಲೋಳೆಯಾಗಿತ್ತು. ಹೀಗೆ ದಿನಗಟ್ಟಲೆ ನೆನೆದ ಅಣಬೆಯಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆದು ಬಾಂಗ್‌ಕ್ರೆಕಿಕ್ ಆಮ್ಲ ಅನ್ನುವ ವಿಷ ಕಕ್ಕಬಲ್ಲದು. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಚೀನಾದಲ್ಲಿ ಇದರಿಂದ ಜನ ಸತ್ತಿದ್ದಾರೆ. ಇಷ್ಟನ್ನೂ ಭಾವನಿಗೆ ಒಂದೇ ಉಸಿರಿಗೆ ಹೇಳಿದೆ.

ಅವರು ಶೆಲ್ಫಿನಿಂದ ಆ ಪ್ಯಾಕೆಟ್ಟು ತೆಗೆದು, ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೇನಾಗಿದೆಯೋ? ಡೇಟು ಇನ್ನೂ 14 ತಿಂಗಳಿದೆ!"