ಜನ ಬರುವುದಿಲ್ಲವೋ, ಬರದ ಹಾಗೆ ಕರೆಯುತ್ತಾರೋ?

ವಾರ್ಡಿನ ಕೆಲಸಗಳ ಬಗ್ಗೆ ಅಲ್ಲಿನ ಜನರ ಮಾತು ಕೇಳೋಕೆ ಕರೆಯುವ ವಾರ್ಡ್ ಸಭೆಗಳ ಬಗ್ಗೆ ಒಂದು ಲೇಖನ ಓದಿದೆ. "ವಾರ್ಡ್ ಸಭೆ ಕರೆದರೂ ಜನರೇ ಬರುವುದಿಲ್ಲ" ಅಂತ ಅದರ ಲೇಖಕರು ಬರೆದಿದ್ದಾರೆ. ಯಾವ ಹೊತ್ತಿಗೆ ಕರೆಯುತ್ತಾರೆ ಅಂತಲೂ ಒಂದು ಸಾಲು ಬರೆಯಬೇಕಿತ್ತು ಅಲ್ವಾ? ನಮ್ಮ ಕಡೆ ಒಮ್ಮೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಬಂದವರು ಒಂಬತ್ತು ಜನ, ಅದರಲ್ಲಿ ಆರು ಮಂದಿ ರಿಟೈರ್ ಆದವರು. ಮೇಜಿನ ಮೇಲೆ ರಸ್ತೆ ಅಗಲ ಮಾಡುವ ನಕ್ಷೆ, ಪೂರ್ತಿ ಇಂಗ್ಲಿಷಿನಲ್ಲಿ. ಸೊಪ್ಪು ಮಾರುವ ಅಮ್ಮ ಒಬ್ಬರೇ ಅದರ ಮೇಲೆ ಬೆರಳಿಟ್ಟು, "ಮಳೆ ನೀರು ನಿಲ್ಲೋದು ಇಲ್ಲಿ, ನೀವು ಚರಂಡಿ ಬರೆದಿರೋದು ಅಲ್ಲಿ" ಅಂದರು. ಎಂಜಿನಿಯರ್ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರು. ಟೆಂಡರ್ ಅದಾಗಲೇ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು.

3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 1992ರ 74ನೇ ತಿದ್ದುಪಡಿಯೇ ಹೇಳುತ್ತದೆ. ಅದಕ್ಕೆ ಎಷ್ಟು ಅಧಿಕಾರ, ಎಷ್ಟು ದುಡ್ಡು ಅನ್ನುವುದನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿದೆ. ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಸುಮ್ನೆ ಜನರಿಗೆ ಆಸಕ್ತಿ ಇಲ್ಲ ಅನ್ನಬೇಡಿ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿ ನಿಂತಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅಂದಹಾಗೆ, ಜನ ನಿಂತಿದ್ದು ಭಾನುವಾರ.