ಪ್ರಾವೊ ಯಾಜ್ಡಿ ಎಲ್ಲಿದ್ದರೂ ಠಾಣೆಗೆ ಬರಬೇಕು

ಯುರೋಪಿನವರು ಮತ್ತೆ ಡ್ರೈವಿಂಗ್ ಲೈಸೆನ್ಸಿಗೆ ಕೈ ಹಾಕಿದ್ದಾರೆ. 2025ರ ಅಕ್ಟೋಬರಿನಲ್ಲಿ ಅಲ್ಲಿನ ಪಾರ್ಲಿಮೆಂಟು ಹೊಸ ನಿಯಮಕ್ಕೆ ಒಪ್ಪಿಗೆ ಕೊಟ್ಟಿದ್ದನ್ನು ನೀವೂ ಓದಿರುತ್ತೀರಿ. 2030ರ ಕೊನೆಯ ಹೊತ್ತಿಗೆ ಲೈಸೆನ್ಸ್ ಫೋನಿನೊಳಗೆ ಬರಬೇಕಂತೆ, ಯುರೋಪ್ ಒಕ್ಕೂಟದ 27 ದೇಶಕ್ಕೂ ಒಂದೇ ಥರ. ಜರ್ಮನಿಯಲ್ಲಿರುವ ನಮ್ಮ ಅಕ್ಕನ ಮಗ ಸುದ್ದಿ ಕಳಿಸಿ, ಕೆಳಗೆ "ಮಾವ, ನಮ್ಮ ಡಿಜಿಲಾಕರ್ ಈಗ ಇಲ್ಲಿಗೆ ಹೊರಟಿದೆ" ಅಂತ ಬರೆದಿದ್ದ.

ಅವನ ಖುಷಿಯಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇದೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಹತ್ತು ವರ್ಷ ಕಾರು ಓಡಿಸಿದ ಹುಡುಗ. ಅಲ್ಲಿಗೆ ಹೋದ ಮೇಲೆ ನಮ್ಮ ಲೈಸೆನ್ಸ್ ನಡೆದದ್ದು ಆರೇ ತಿಂಗಳು. ಆಮೇಲೆ ಮತ್ತೆ ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಗತಿ, ಥಿಯರಿ, ರೋಡ್ ಟೆಸ್ಟ್. ಥಿಯರಿಯನ್ನು ಜರ್ಮನ್ ಬಿಟ್ಟು ಇನ್ನೂ ಹನ್ನೆರಡು ಭಾಷೆಯಲ್ಲಿ ಬರೆಯಬಹುದು. ಟರ್ಕಿಶ್ ಇದೆ, ಅರೇಬಿಕ್ ಇದೆ, ಕನ್ನಡ ಮಾತ್ರ ಇಲ್ಲ. ರೋಡ್ ಟೆಸ್ಟಿನಲ್ಲಿ ಮೊದಲ ಸಲ ಫೇಲಾದ. ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು ಅನ್ನೋದು ಅಲ್ಲಿನ ನಿಯಮ. ಇವನು ಕಲಿತದ್ದು ಮೂತಿ ತೂರಿಸಿದವನಿಗೆ ಮೊದಲು ದಾರಿ ಅಂತ.

ಇರಲಿ, ಕಾರ್ಡಿನ ಕತೆಗೆ ಬರೋಣ. ಎಲ್ಲ ದೇಶಕ್ಕೂ ಒಂದೇ ಮಾದರಿಯ ಲೈಸೆನ್ಸ್ ಇರಲಿ ಅಂತ ಅವರು ಮೊದಲು ನಿಯಮ ಬರೆದದ್ದು 1980ರಲ್ಲಿ. 1991ರಲ್ಲಿ ಇನ್ನೊಂದು ಬರೆದರು. 1996ರಲ್ಲಿ ಪ್ಲಾಸ್ಟಿಕ್ ಕಾರ್ಡೂ ಆಗಬಹುದು ಅಂದರು. 2006ರಲ್ಲಿ ಮೂರನೇ ನಿಯಮ. ಆ ಹೊತ್ತಿಗೂ ಚಾಲ್ತಿಯಲ್ಲಿದ್ದ ಲೈಸೆನ್ಸುಗಳು 110 ಬಗೆ! ಹಳೆಯದೆಲ್ಲ ಹೋಗಿ ಎಲ್ಲರ ಕೈಗೂ ಒಂದೇ ಥರದ ಗುಲಾಬಿ ಕಾರ್ಡ್ ಬರಲು ಕೊನೆಯ ದಿನ 2033ರ ಜನವರಿ 19. ಹೆಣ್ಣು ನೋಡಿ ಬಂದದ್ದು 1980ರಲ್ಲಿ, ತಾಳಿ ಕಟ್ಟುವುದು 2033ರಲ್ಲಿ. ಇಷ್ಟು ತಾಳ್ಮೆ ಇರುವ ಬೀಗರು ನಮ್ಮ ಕಡೆ ಸಿಗುವುದಿಲ್ಲ.

ಕಾರ್ಡ್ ಮಾತ್ರ ನಿಜವಾಗಿಯೂ ಚೆನ್ನಾಗಿದೆ. 24 ಅಧಿಕೃತ ಭಾಷೆ ಇರುವ ಕಡೆ ಯಾವ ಭಾಷೆಯಲ್ಲಿ ಏನು ಬರೆದರೂ ಪಕ್ಕದವನಿಗೆ ಅರ್ಥವಾಗುವುದಿಲ್ಲ. ಅದಕ್ಕೇ ನಂಬರ್ ಇಟ್ಟಿದ್ದಾರೆ. 1 ಅಂದರೆ ಮನೆತನದ ಹೆಸರು, 2 ಅಂದರೆ ಸ್ವಂತ ಹೆಸರು, 3 ಅಂದರೆ ಹುಟ್ಟಿದ ದಿನ. ಗ್ರೀಸಿನ ಕಾರ್ಡನ್ನು ಫಿನ್‌ಲೆಂಡಿನ ಪೊಲೀಸ್ ಕಣ್ಣುಮುಚ್ಚಿ ಓದಬಹುದು.

ಆದರೆ ನಂಬರ್ ನೋಡಬೇಕಲ್ಲ?

ಪೋಲೆಂಡ್ 2004ರಲ್ಲಿ ಒಕ್ಕೂಟಕ್ಕೆ ಸೇರಿತು. ಅಲ್ಲಿನ ಜನ ಕೆಲಸ ಹುಡುಕಿಕೊಂಡು ಐರ್ಲೆಂಡಿಗೆ ಬಂದರು. ಅವರಲ್ಲಿ ಒಬ್ಬ ಭಯಂಕರ ಆಸಾಮಿ ಇದ್ದ. ಹೆಸರು ಪ್ರಾವೊ ಯಾಜ್ಡಿ. ಒಂದು ಕಡೆ ಸ್ಪೀಡು, ಇನ್ನೊಂದು ಕಡೆ ಪಾರ್ಕಿಂಗ್. ಪ್ರತಿ ಸಲ ಹಿಡಿದಾಗಲೂ ಬೇರೆ ವಿಳಾಸ, ಬೇರೆ ಹುಟ್ಟಿದ ದಿನ. ಒಂದು ಸಲವೂ ಕೈಗೆ ಸಿಗಲಿಲ್ಲ. ಪೊಲೀಸರ ಕಂಪ್ಯೂಟರಿನಲ್ಲಿ ಅವನ ಹೆಸರಲ್ಲಿ 50ಕ್ಕೂ ಹೆಚ್ಚು ಗುರುತುಗಳು ಸೇರಿಕೊಂಡವು. ಕೊನೆಗೆ 2007ರಲ್ಲಿ ಯಾರೋ ಒಬ್ಬ ಪುಣ್ಯಾತ್ಮನಿಗೆ ಅನುಮಾನ ಬಂದು ವಿಚಾರಿಸಿದ. ಪೋಲಿಶ್ ಭಾಷೆಯಲ್ಲಿ ಪ್ರಾವೊ ಯಾಜ್ಡಿ ಅಂದರೆ ಡ್ರೈವಿಂಗ್ ಲೈಸೆನ್ಸ್. ಕಾರ್ಡಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಪದವನ್ನೇ ಇವರು ಹೆಸರು ಅಂತ ಬರೆದುಕೊಂಡಿದ್ದರು. ವಿಷಯ ಹೊರಬಿದ್ದ ಮೇಲೆ, 2009ರಲ್ಲಿ, ಐರ್ಲೆಂಡ್ ಪೊಲೀಸರಿಗೆ ಇಗ್ ನೊಬೆಲ್, ಅಂದರೆ ನಗಿಸುವ ಸಾಧನೆಗೆ ಕೊಡುವ ಅಣಕು ನೊಬೆಲ್, ಬಂತು. ಅದೂ ಸಾಹಿತ್ಯಕ್ಕೆ!

ನಾನು ಆ ಪೊಲೀಸರನ್ನು ನೋಡಿ ನಗುವುದಿಲ್ಲ. ನಮ್ಮ ಕಡೆಯಾಗಿದ್ದರೆ "ಪ್ರಾವೊ ಯಾಜ್ಡಿ ಬಿನ್ ಲೇಟ್ ಯಾಜ್ಡಿ, ಸುಮಾರು 35 ವರ್ಷ, ಡ್ರೈವರ್ ಕೆಲಸ, ಖಾಯಂ ವಿಳಾಸ ಇರುವುದಿಲ್ಲ" ಅಂತ ಎಫ್‌ಐಆರ್ ಆಗಿರುತ್ತಿತ್ತು. ಇಬ್ಬರು ಅವನನ್ನು ಕಣ್ಣಾರೆ ಕಂಡೆವು ಅಂತ ಸಾಕ್ಷಿ ಹೇಳಿರುತ್ತಿದ್ದರು. ಅವನಿಗೊಬ್ಬ ತಮ್ಮನೂ ಸಿಕ್ಕಿರುತ್ತಿದ್ದ.

ಇಷ್ಟೆಲ್ಲ ನಕ್ಕ ಮೇಲೆ ನನಗೆ ನಗು ಬಾರದ ಭಾಗ ಬರುತ್ತದೆ. ಜರ್ಮನಿಯಲ್ಲಿ ಕುಡಿದು ಗಾಡಿ ಓಡಿಸಿ ಜೋರಾಗಿ ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುತ್ತದೆ. ವಾಪಸ್ ಬೇಕಾದರೆ ಡಾಕ್ಟರು, ಮನಶ್ಶಾಸ್ತ್ರಜ್ಞರ ಮುಂದೆ ಕೂತು ಪರೀಕ್ಷೆ ಪಾಸಾಗಬೇಕು. ಜನ ಅದನ್ನು ಈಡಿಯಟ್ ಟೆಸ್ಟ್ ಅಂತಾರೆ. ಅಲ್ಲಿನ ಜಾಣರು ಏನು ಮಾಡಿದರು? ಗಡಿ ದಾಟಿ ಚೆಕ್ ದೇಶಕ್ಕೆ ಹೋದರು. ಹೊಸ ಲೈಸೆನ್ಸ್ ತಂದರು. ಒಂದು ದೇಶ ಕೊಟ್ಟ ಲೈಸೆನ್ಸನ್ನು ಇನ್ನೊಂದು ದೇಶ ಒಪ್ಪಲೇಬೇಕು ಅಂತ 2004ರಲ್ಲಿ ಯುರೋಪಿನ ಕೋರ್ಟೂ ಹೇಳಿತು. ತೀರ್ಥಯಾತ್ರೆ ಇನ್ನೂ ಜೋರಾಯಿತು. 2006ರ ನಿಯಮದಲ್ಲಿ ಆ ಕಿಂಡಿಗೆ ಬಾಗಿಲು ಹಾಕಿದರು.

ಇನ್ನೊಂದು ಕಿಂಡಿ ಮಾತ್ರ ಹಾಗೇ ಉಳಿಯಿತು. ಪರದೇಶದಲ್ಲಿ ಕುಡಿದು ಗುದ್ದಿದರೆ, ಆ ದೇಶ ನಿಮ್ಮನ್ನು ತನ್ನ ರಸ್ತೆಯಿಂದ ಮಾತ್ರ ಆಚೆ ಇಡಬಹುದು. ಮನೆಗೆ ಬಂದು ಅದೇ ಕಾರ್ಡ್ ಜೇಬಿಗಿಟ್ಟು ಮರುದಿನವೇ ಗಾಡಿ ತೆಗೆಯಬಹುದು. ಇದನ್ನು ತಡೆಯಲು 1998ರಲ್ಲೇ ಒಂದು ಒಪ್ಪಂದ ಬರೆದಿದ್ದರು. ಬಹಳ ದೇಶಗಳು ಅದನ್ನು ಕಪಾಟಿಗಿಟ್ಟು ಮರೆತವು. ಕಾರ್ಡಿನ ಉದ್ದ ಅಗಲ ಬಣ್ಣ ಎಲ್ಲ ಒಂದಾಯಿತು. ಕುಡುಕನ ಕೈಯಿಂದ ಆ ಕಾರ್ಡನ್ನು ಎಲ್ಲ ಕಡೆಯೂ ಕಿತ್ತುಕೊಳ್ಳೋಣ ಅಂತ ತೀರ್ಮಾನ ಆಗಲು 2025 ಬೇಕಾಯಿತು. ಅದೂ ತಕ್ಷಣಕ್ಕಲ್ಲ. ಕಾನೂನು ಬರೆಯಲು ಮೂರು ವರ್ಷ, ಸಿದ್ಧತೆಗೆ ಒಂದು ವರ್ಷ. ಆ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 20,000 ಜನ ಸಾಯುತ್ತಾರೆ. ನಾಲ್ಕು ವರ್ಷದ ಲೆಕ್ಕ ನೀವೇ ಹಾಕಿಕೊಳ್ಳಿ. ನನಗೆ ಸಾಕಾಗಿದೆ.

ಇನ್ನೊಂದು ಬದಲಾವಣೆ ನಮ್ಮವರಿಗೆ ಹೆಮ್ಮೆ ತರುವಂಥದ್ದು. ಲೈಸೆನ್ಸ್ ಪಡೆಯುವಾಗ, ನವೀಕರಿಸುವಾಗ ಆರೋಗ್ಯ ತಪಾಸಣೆ ಆಗಬೇಕು ಅಂದರು. ಗಲಾಟೆಯಾಯಿತು. ಕೊನೆಗೆ, ದೇಶ ಇಷ್ಟಪಟ್ಟರೆ ಡಾಕ್ಟರ ಬದಲು ಜನ ತಾವೇ ಒಂದು ಫಾರ್ಮ್ ತುಂಬಿದರೂ ಸಾಕು ಅಂತ ಆಯಿತು. ಅಂದರೆ ನಮ್ಮ ಫಾರ್ಮ್ 1! ನನಗೆ ಫಿಟ್ಸ್ ಇಲ್ಲ, ತಲೆ ಸುತ್ತುವುದಿಲ್ಲ, ಕಣ್ಣು ಕಾಣುತ್ತದೆ ಅಂತ ನಾವೇ ಬರೆದು ನಾವೇ ಸಹಿ ಹಾಕುವುದು. ಫಾರ್ಮ್ ಓದಲು ಪಕ್ಕದವರ ಕನ್ನಡಕ ಇಸಿದುಕೊಂಡರೆ ಯಾರೂ ಕೇಳುವುದಿಲ್ಲ.

ಹೋದ ವರ್ಷ ಅಕ್ಕನ ಮಗನ ಮನೆಗೆ ಹೋಗಿದ್ದಾಗ ಅವನ ಮನೆ ಮಾಲೀಕರು ತಮ್ಮ ಲೈಸೆನ್ಸ್ ತೋರಿಸಿದ್ದರು. ಬೂದು ಬಣ್ಣದ ಮಡಚಿದ ಕಾಗದ, ಮುಟ್ಟಿದರೆ ಬಟ್ಟೆಯ ಹಾಗೆ. ಜರ್ಮನರು ಪ್ರೀತಿಯಿಂದ ಲಾಪನ್ ಅಂತಾರೆ, ಅಂದರೆ ಚಿಂದಿ. ಒಳಗೆ ಎರಡು ರಿವೆಟ್ ಹೊಡೆದು ಕೂರಿಸಿದ ಫೋಟೋ. ಹತ್ತೊಂಬತ್ತು ವರ್ಷದ ಹುಡುಗ, ದಟ್ಟ ಕೂದಲು, ಕೆನ್ನೆ ಮುಚ್ಚುವ ಕೃದಾ. ಎದುರಿಗೆ ಕೂತವರ ತಲೆ ಸಂಪೂರ್ಣ ಬೋಳು. ಅವರು ಹುಟ್ಟಿದ್ದು 1950ರಲ್ಲಿ. ಇಂಥ ಕಾಗದ ಕೊಟ್ಟು ಕಾರ್ಡ್ ಪಡೆಯಲು 1953ರಲ್ಲಿ ಮತ್ತು ಆಮೇಲೆ ಹುಟ್ಟಿದವರಿಗೆಲ್ಲ ಗಡುವು ಆಗಲೇ ಮುಗಿದಿದೆ, ತಪ್ಪಿದರೆ ಹತ್ತು ಯೂರೋ ದಂಡ. 1953ಕ್ಕಿಂತ ಮೊದಲು ಹುಟ್ಟಿದವರಿಗೆ ಮಾತ್ರ 2033ರವರೆಗೂ ರಿಯಾಯಿತಿ. ಎಲ್ಲರಿಗಿಂತ ಹಳೇ ಫೋಟೋ ಇರುವವರಿಗೆ ಎಲ್ಲರಿಗಿಂತ ಜಾಸ್ತಿ ಸಮಯ. ಆ ಹೊತ್ತಿಗೆ ಎಷ್ಟೋ ಜನ ಸ್ಟೀರಿಂಗ್ ಬಿಟ್ಟಿರುತ್ತಾರೆ, ಸುಮ್ನೆ ಯಾಕೆ ಕಾರ್ಡ್ ಖರ್ಚು ಅಂತ ಇರಬೇಕು. ಅಜ್ಜ ಅದನ್ನು ಹೇಳಿ ತಾವೇ ನಕ್ಕರು.

"ಪೊಲೀಸರು ಈ ಫೋಟೋ ಒಪ್ಪುತ್ತಾರಾ?" ಅಂತ ಕೇಳಿಸಿದೆ.

ಅಜ್ಜ ಉತ್ತರ ಕೊಡದೆ ನನ್ನದನ್ನು ತೋರಿಸಿ ಅಂದರು. ಮೂರು ವರ್ಷದ ಹಿಂದೆ ನವೀಕರಿಸಿದ ಸ್ಮಾರ್ಟ್ ಕಾರ್ಡ್ ತೆಗೆದುಕೊಟ್ಟೆ. ಅವರು ಕಾರ್ಡ್ ನೋಡಿದರು, ನನ್ನ ಮುಖ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ಕಾರ್ಡ್ ನೋಡಿದರು. ಆಮೇಲೆ ಅಕ್ಕನ ಮಗನ ಕಿವಿಯಲ್ಲಿ ಏನೋ ಕೇಳಿದರು. ಅವನು ನಗು ತಡೆಯಲಾರದೆ ಅಡುಗೆಮನೆಗೆ ಹೋದ.

"ಏನಂತೋ?" ಅಂದೆ.

"ಏನಿಲ್ಲ ಮಾವ. ಇದು ನಿಮ್ಮ ತಂದೆಯವರದಾ ಅಂತ ಕೇಳ್ತಿದ್ದಾರೆ."