ಉದ್ರಿ ಚಹಾ, ಮುಕ್ತ ಅಭಿಪ್ರಾಯ

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ಸೀಮೆಯ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಿಸಿಲಿನ ದೆಸೆಯಿಂದ ಸಿಕ್ಕ ಸವಲತ್ತು. ಮನೆಗೆ ಹೋಗಿ ತಣ್ಣಗೆ ಮಲಗಬೇಕಾದವರು ಸೀದಾ ಸೂಪರ್ ಮಾರ್ಕೆಟ್ ಹತ್ತಿರದ ತಗಡಿನ ಚಹಾದಂಗಡಿಗೆ ಬಂದು, ಉರಿಯುವ ಒಲೆಯ ಎದುರು ಕುಳಿತು, ಯುರೋಪಿನ ಬಗ್ಗೆ ಚಿಂತಿಸುತ್ತಾರೆ. ನಾನೂ ಅವರಲ್ಲೊಬ್ಬ. ಉದ್ರಿ ವಹಿಯಲ್ಲಿ ಎರಡು ಪುಟ ನನ್ನವೇ.

ಮೊನ್ನೆಯ ವಿಷಯ ಲಿನಕ್ಸ್, ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್. ನಿವೃತ್ತ ಮಾಸ್ತರರ ಮಗ ಬೆಂಗಳೂರಿನಿಂದ ಬಂದವನು ಅಪ್ಪನ ಹಳೇ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಟ್ಟು ಹೋಗಿದ್ದ.

"ಎಷ್ಟ್ ಬಿತ್ರಿ ಸರ?"

"ಫುಕಟ."

ಬೆಂಚಿಗೆ ಬೆಂಚೇ ಮಾಸ್ತರರನ್ನು ಅನುಮಾನದಿಂದ ನೋಡಿತು. ಅವರು ಮಗ ಹೇಳಿದ ಪಾಠ ಒಪ್ಪಿಸಿದರು: 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದರ ತಿರುಳು ಬರೆದ, ಬರೆದದ್ದನ್ನು ಊರ ಮುಂದೆ ಇಟ್ಟ, ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದು ಉಚಿತ ಅಂತಲ್ಲ, ಮುಕ್ತ ಅಂತ. ಇಂಗ್ಲಿಷಿನವರು ಎರಡಕ್ಕೂ 'ಫ್ರೀ' ಎಂಬ ಒಂದೇ ಶಬ್ದ ಇಟ್ಟುಕೊಂಡು ನಲವತ್ತು ವರ್ಷಗಳಿಂದ ವಿವರಣೆ ಕೊಡುತ್ತಲೇ ಇದ್ದಾರೆ. ನಮಗೆ ಎರಡು ಶಬ್ದಗಳಿವೆ. ಏನು ಬಂತು? ಬೆಂಚಿನ ಕಿವಿಗೆ ಎರಡೂ ಫುಕಟ ಎಂದೇ ಬಿದ್ದವು.

"ಫುಕಟ ಕೊಡ್ಲತ್ತಾರಂದ್ರ ಒಳಗ ಏನರೆ ಅದ," ಎಂದರು ತೊಗರಿ ವ್ಯಾಪಾರದ ಸಾವ್ಕಾರ್ರು. ಅವರ ಕೈಯಲ್ಲಿದ್ದ ಆಂಡ್ರಾಯ್ಡ್ ಫೋನಿನ ಒಳಗೆ ಆಗಲೂ ಅದೇ ಲಿನಕ್ಸ್ ದುಡಿಯುತ್ತಿತ್ತು. ಪಾಪ, ಅದು ಎದುರು ಮಾತಾಡಲಿಲ್ಲ.

ಮಾಸ್ತರು ಮ್ಯೂನಿಕ್ ನಗರದ ಉದಾಹರಣೆ ತೆಗೆದರು. ಅಲ್ಲಿನ ನಗರಸಭೆ ವಿಂಡೋಸ್ ಬೇಡವೆಂದು ತೀರ್ಮಾನಿಸಿದ್ದು 2003ರಲ್ಲಿ. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳು ಲಿನಕ್ಸಿಗೆ ಬಂದವು. 2017ರಲ್ಲಿ ಅದೇ ನಗರಸಭೆ, ವಾಪಸ್ ವಿಂಡೋಸಿಗೇ ಹೋಗೋಣ ಎಂದು ಮತ ಹಾಕಿತು. ಮಾಸ್ತರು ಇದನ್ನು ದುಃಖದಿಂದ ಹೇಳಿದರು. ಬೆಂಚು ಮೊದಲ ಸಲ ಜರ್ಮನಿಗೆ ತಲೆಬಾಗಿತು.

"ಹಾಕೋದಕ್ಕೊಂದು ಟೆಂಡರ್, ತೆಗಿಯೋದಕ್ಕೊಂದು ಟೆಂಡರ್," ಎಂದರು ಸಣ್ಣ ಗುತ್ತಿಗೆದಾರರೊಬ್ಬರು, ಕಣ್ಣು ಮುಚ್ಚಿ. "ರಸ್ತಾ ಮಾಡಿದ ಮ್ಯಾಲ ಪೈಪಿಗಂತ ಅಗದಂಗ. ಭಾಳ ಮುಂದುವರದಾರ್ರಿ ಅವರು."

ಜರ್ಮನಿಯ ಉತ್ತರದ ತುದಿಯಲ್ಲಿ ಶ್ಲೆಸ್ವಿಗ್-ಹೋಲ್ಸ್ಟೈನ್ ಎಂಬ ರಾಜ್ಯವಿದೆ (ಮಾಸ್ತರು ಆ ಹೆಸರಿನ ಜೊತೆ ಮೂರು ಸಲ ಗುದ್ದಾಡಿ ಕೈಬಿಟ್ಟರು). ಅದು 2024ರಲ್ಲಿ ತನ್ನ 30,000 ಕಂಪ್ಯೂಟರುಗಳಿಗೆ ಲಿಬ್ರೆ ಆಫೀಸ್ ಹಾಕುತ್ತೇನೆಂದು ಸಾರಿತು. ಪತ್ರ, ಲೆಕ್ಕ ಬರೆಯುವ ಈ ಮುಕ್ತ ಸಾಫ್ಟ್‌ವೇರ್ ಯಾವುದು? 2010ರಲ್ಲಿ ಓಪನ್ ಆಫೀಸಿನ ಮನೆಯಿಂದ ಬೇರೆ ಆದ ತಮ್ಮ. ಸಾವ್ಕಾರ್ರ ಮುಖ ಅರಳಿತು.

"ಮೊದ್ಲೇ ಹೇಳಬಾರ್ದೇನ್ರಿ, ಹಿಸ್ಸಾ ಅಂತ!"

ಅಲ್ಲಿಂದ ಇಡೀ ಯುರೋಪು ಅವರಿಗೆ ಸಲೀಸಾಯಿತು. ಬ್ರಿಟನ್ನಿನವರು 2016ರ ಜೂನಿನಲ್ಲಿ ಶೇಕಡಾ 51.9 ಮತದಿಂದ ಯುರೋಪಿನ ಒಕ್ಕೂಟದಿಂದ ಬ್ಯಾರಿ ಆಗೋಣವೆಂದರು, 2020ರ ಜನವರಿ 31ಕ್ಕೆ ಮನೆಯಿಂದ ಹೊರಬಿದ್ದರು. ಐರ್ಲೆಂಡಿನ ಹತ್ತಿರ ಬದುವಿನ ತಕರಾರು ಮಾತ್ರ ಆಮೇಲೂ ಉಳಿಯಿತು. "ಮೂರೂವರಿ ವರ್ಷದಾಗ ಮುಗಿಸ್ಯಾರ? ನಮ್ಮ ನಾಕ್ ಎಕ್ರೆ ಕೇಸಿಗಿ ಈಗ ಮೂರ್ನೇ ವಕೀಲ." ಯುರೋಪಿನ ಸಂಸತ್ತು ಅಧಿವೇಶನಕ್ಕೆಂದು ವರ್ಷಕ್ಕೆ 12 ಸಲ ಬ್ರಸೆಲ್ಸಿನಿಂದ ಸ್ಟ್ರಾಸ್‌ಬರ್ಗಿಗೆ ಗಂಟುಮೂಟೆ ಸಮೇತ ಹೋಗುತ್ತದೆಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೆಳಗಾವಿ ನೋಡಿದವರು ನಾವು.

ವಿಜ್ಞಾನ ವಿಭಾಗ ನಮ್ಮಲ್ಲಿ ಲೈನ್‌ಮನ್ ಒಬ್ಬರ ಕೈಯಲ್ಲಿದೆ. 2023ರಲ್ಲಿ ಕೊರಿಯಾದ ಸಂಶೋಧಕರು ರೂಮ್ ಟೆಂಪರೇಚರಿನಲ್ಲೇ ಒಂದಿಷ್ಟೂ ನಷ್ಟವಿಲ್ಲದೆ ವಿದ್ಯುತ್ ಹರಿಸುವ ಎಲ್‌ಕೆ-99 ಎಂಬ ವಸ್ತು ಸಿಕ್ಕಿತೆಂದರು. ಇವರು ಕೇಳಿದ್ದು ಒಂದೇ ಪ್ರಶ್ನೆ: "ಯಾರ ರೂಮ್ರಿ? ಅವರ ರೂಮ್ ಬ್ಯಾರಿ, ನಮ್ಮ ಮೇ ತಿಂಗಳ ರೂಮ್ ಬ್ಯಾರಿ." ಕೆಲವೇ ವಾರಗಳಲ್ಲಿ ಬೇರೆ ಪ್ರಯೋಗಾಲಯಗಳು ಅದು ಹಾಗಲ್ಲವೆಂದು ತೋರಿಸಿದವು. 2011ರಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಬೆಳಕಿಗಿಂತ 60 ನ್ಯಾನೊಸೆಕೆಂಡು ಮೊದಲೇ ಜಿನೀವಾದ ಪ್ರಯೋಗಾಲಯ ಸರ್ನ್‌ನಿಂದ ಇಟಲಿ ತಲುಪಿತೆಂದು ಲೋಕ ಕುಣಿದು, ಕಡೆಗೆ ಸರಿಯಾಗಿ ಸಿಕ್ಕಿಸದ ಕೇಬಲ್ ಒಂದು ಪತ್ತೆಯಾದದ್ದು ಗೊತ್ತಾದಂದಿನಿಂದ ಅವರ ತೀರ್ಪು ಎಲ್ಲದಕ್ಕೂ ಒಂದೇ: "ಲೂಸ್ ಕನೆಕ್ಷನ್ ನೋಡ್ರಿ." ಹೇಳಲು ಸಂಕಟ, ನಮ್ಮ ಬೆಂಚಿನಿಂದ ಹೊರಟ ಅಭಿಪ್ರಾಯಗಳಲ್ಲಿ ಹೆಚ್ಚು ಸಲ ಸರಿ ಹೊಂದಿದ್ದು ಇದೇ.

ಎಡವಟ್ಟಾದದ್ದು ಮಾಸ್ತರು ಎಕ್ಸ್‌ಝಡ್ ಕಥೆ ಎತ್ತಿದಾಗ. ಲೆಕ್ಕವಿಲ್ಲದಷ್ಟು ಸರ್ವರುಗಳು ಬಳಸುವ, ಫೈಲು ಕುಗ್ಗಿಸುವ ಆ ಪುಟ್ಟ ಸಾಫ್ಟ್‌ವೇರನ್ನು ದಣಿದ ಒಬ್ಬನೇ ಮನುಷ್ಯ ನೋಡಿಕೊಳ್ಳುತ್ತಿದ್ದ. ಸಹಾಯ ಮಾಡುತ್ತೇನೆಂದು ಬಂದವನೊಬ್ಬ ಎರಡು ವರ್ಷ ನಂಬಿಕೆ ಗಳಿಸಿ ಅದರೊಳಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚಿನಲ್ಲಿ, ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಇಂಜಿನಿಯರ್ ಒಬ್ಬ ಕೆದಕಿದ್ದರಿಂದ ಅದು ಸಿಕ್ಕಿಬಿತ್ತು.

ಅಲ್ಲಿವರೆಗೆ ಹಾಲು ಕಾಯಿಸುತ್ತಿದ್ದ ಅಂಗಡಿ ಕಾಕಾ ತಿರುಗಿದರು. ಇಷ್ಟು ವರ್ಷಗಳಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ.

"ಆ ಒಬ್ಬಂವಗ ಪಗಾರ ಯಾರ್ ಕೊಡ್ತಿದ್ರಿ?"

"ಯಾರೂ ಇಲ್ಲ ಕಾಕಾ. ಮಂದಿ ಬಳಸ್ತಾರ, ತಪ್ಪು ಹುಡುಕ್ತಾರ, ಲಗೂ ಮಾಡು ಅಂತ ಬೈತಾರ, ಅಷ್ಟೇ."

ಕಾಕಾ ಸೌಟು ಕೆಳಗಿಟ್ಟು ವಹಿ ತೆಗೆದರು. ಬಹಳ ಹೊತ್ತು ಪುಟ ತಿರುವಿದರು.

ಮರುದಿನ ಸೀಮೆಸುಣ್ಣದಲ್ಲಿ ಬರೆದ ಹಲಗೆ ತೂಗುತ್ತಿತ್ತು: 'ಇವತ್ತು ನಗದ, ನಾಳಿ ಉದ್ರಿ.' ತುರ್ತು ಸಭೆ ಸೇರಿತು. ಹಲಗೆಯು ಮುಕ್ತ ತತ್ವಕ್ಕೆ ವಿರುದ್ಧವೆಂದು ಏಳಕ್ಕೆ ಆರು ಮತಗಳಿಂದ ತೀರ್ಮಾನವಾಗಿ ನಾವು ಬ್ಯಾರಿ ಆದೆವು. ಈಗ ಎದುರಿನ ಡಬ್ಬಿ ಅಂಗಡಿಯಲ್ಲಿ ಕೂಡುತ್ತೇವೆ. ಹಾಲು ಕಡಿಮೆ, ಬೆಂಚು ಕುಂಟುತ್ತದೆ. ಹಳೇ ಬಾಕಿಯ ಇತ್ಯರ್ಥಕ್ಕೆ ಮೂರೂವರೆ ವರ್ಷವಾದರೂ ಬೇಕೆಂದು ಸಾವ್ಕಾರ್ರು ಕಾಕಾಗೆ ಹೇಳಿ ಕಳಿಸಿದ್ದಾರೆ.